ಎಂಬತ್ತೇಳನೇ ಫಾರಂ

2025ರ ನವೆಂಬರ್ 26, ಬುಧವಾರ. ಮಧ್ಯಾಹ್ನ 3.40ಕ್ಕೆ ಜ್ಯೋತಿಲಕ್ಷ್ಮಿ ಠಾಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹಾಕಿಕೊಂಡೇ ಬನ್ನಿ ಎಂದು ಪಹರೆಯವನು ಎರಡು ಸಲ ಹೇಳಿದ. ಅವಳಿಗೆ ಕೇಳಿಸಲಿಲ್ಲ.

ಆಕೆ ತಮಿಳು ಸೀಮೆಯ ಸೇಲಂ ಜಿಲ್ಲೆಯ ಜಾಲಿಹಟ್ಟಿಯಲ್ಲಿ ಅಂಗನವಾಡಿ ಶಿಕ್ಷಕಿ. ಮತದಾರರ ಪಟ್ಟಿಯ ಪರಿಷ್ಕರಣೆ ಶುರುವಾದ ಮೇಲೆ ಆ ಹಟ್ಟಿಯ ಬೂತಿಗೆ ಬಿಎಲ್‌ಓ ಎಂಬ ಬೂತ್ ಮಟ್ಟದ ಅಧಿಕಾರಿ ಕೂಡ ಆಕೆಯೇ. ಮನೆಮನೆಗೆ ಹೋಗಿ ಪ್ರತಿ ಮತದಾರನಿಗೂ ಒಂದೇ ಫಾರಂನ ಎರಡು ಪ್ರತಿ ಕೊಡಬೇಕು. ತುಂಬಿದ ಮೇಲೆ ಒಂದನ್ನು ತಾನು ತೆಗೆದುಕೊಂಡು, ಇನ್ನೊಂದಕ್ಕೆ ಸಹಿ ಹಾಕಿ ಅವರ ಕೈಗೇ ಹಿಂದಿರುಗಿಸಬೇಕು. ಫಾರಂ ಬಾರದವರ ಹೆಸರು ಕರಡು ಪಟ್ಟಿಯಲ್ಲಿ ಬರುವುದಿಲ್ಲ. ಕೊನೆಯ ದಿನ ಡಿಸೆಂಬರ್ 4.

ಅವಳು ಒಟ್ಟುಮಾಡಿದ್ದ 214 ಫಾರಂಗಳು ಒಂದು ಹಳದಿ ಬಟ್ಟೆಚೀಲದಲ್ಲಿದ್ದವು. ಚೀಲ ಅಂಗನವಾಡಿಯ ಗೋಡೆಯ ಮೊಳೆಗೆ ತೂಗುಹಾಕಿತ್ತು. ಈಗ ಮೊಳೆ ಮಾತ್ರ ಇದೆ.

ಇನ್ಸ್‌ಪೆಕ್ಟರ್ ಕಲೈವಾಣಿ ಅವಳನ್ನು ಕೂರಿಸಿ ನೀರು ಕೊಡಿಸಿದಳು. 

"ಕೊನೆಗೆ ನೋಡಿದ್ದು ಎಷ್ಟೊತ್ತಿಗೆ?"

"ಒಂದು ಗಂಟೆಗೆ ಅತ್ತು ನಿಮಿಷ ಇತ್ತು ಮೇಡಂ. ಮಕ್ಕಳಿಗೆ ಊಟಕ್ಕಿಟ್ಟು ಪಕ್ಕದ ಮನೆಗೆ ಓದೆ, ಕೂಸಿನ ತೂಕ ನೋಡೋಕೆ. ಬಂದಾಗ ಒಂದೂ ಇಪ್ಪತ್ತು."

"ಮೊಬೈಲಿಗೆ ಏರಿಸಿರಲಿಲ್ಲವಾ?"

ಹಟ್ಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಮರುದಿನ ಓಮಲೂರಿನ ತಾಲೂಕು ಕಚೇರಿಯಲ್ಲಿ ಕೂತು ಎಲ್ಲವನ್ನೂ ಏರಿಸುವ ಯೋಚನೆಯಿತ್ತು ಎಂದಳು. ಆಮೇಲೆ ತನ್ನ ಕೆಲಸ ಹೋಗುತ್ತದೆಯೇ ಎಂದು ಕೇಳಿದಳು. ಅದಕ್ಕೆ ಕಲೈವಾಣಿ ಉತ್ತರಿಸುವ ಮೊದಲೇ, ಅಲ್ಲ, ಅದು ಬಿಡಿ, ಆ ಇನ್ನೂರ ಹದಿನಾಲ್ಕು ಜನ ಏನಾಗುತ್ತಾರೆ ಎಂದಳು. ಅರ್ಧ ಗಂಡಸರು ಕುರಿ ಹೊಡೆದುಕೊಂಡು ಹೊರಗೆ ಹೋಗಿದ್ದಾರೆ. ಅವರನ್ನು ಹಿಡಿದು ಸಹಿ ಹಾಕಿಸಲು ಹದಿನೈದು ದಿನ ಬೇಕಾಗಿತ್ತು. ಉಳಿದಿರುವುದು ಎಂಟು.

4.25ಕ್ಕೆ ಎಫ್‌ಐಆರ್ ದಾಖಲಾಯಿತು. ಸರ್ಕಾರಿ ಸ್ವತ್ತಿನ ಕಳವು, ಬಿಎನ್‌ಎಸ್ ಸೆಕ್ಷನ್ 305.

ಕಡಯಂಪಟ್ಟಿ ದಾಟಿ ಗುಡ್ಡದ ಬುಡಕ್ಕೆ ಹೋದರೆ ಜಾಲಿಹಟ್ಟಿ. ಕನ್ನಡ ಮಾತಾಡುವ ಕುರಿಗಾರರ ಎಂಬತ್ತು ಮನೆ. ಕಲೈವಾಣಿ ಸೇಲಂನ ದೇವಾಂಗ ನೇಕಾರರ ಮನೆಯವಳು, ಮನೆಮಾತು ಕನ್ನಡವೇ, ಆದರೆ ಸಿಟ್ಟು ಬಂದಾಗ ತಮಿಳೇ ಬಾಯಿಗೆ ಬರುತ್ತಿತ್ತು. ಜೊತೆಯಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಪುಟ್ಟಪ್ಪ ಧರ್ಮಪುರಿ ಕಡೆಯ ಕುರಿಗಾರರ ಮಗ. ನಿವೃತ್ತಿಗೆ ಎರಡು ವರ್ಷವಿತ್ತು.

ಜೀಪು ಹಟ್ಟಿಯೊಳಗೆ ತಿರುಗಿದಾಗ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿದವು. ಯಾರೂ ಓಡಲಿಲ್ಲ, ಕೂಗಲಿಲ್ಲ. ಒಂದು ಅಗುಳಿ, ಇನ್ನೊಂದು ಅಗುಳಿ, ಆಮೇಲೆ ನಾಯಿಗಳ ಸದ್ದು ಮಾತ್ರ.

5.10ಕ್ಕೆ ಸ್ಥಳ ಪಂಚನಾಮೆ. ಹತ್ತಡಿ ಹನ್ನೆರಡಡಿಯ ಕೋಣೆ, ಒಂದು ಬಾಗಿಲು, ಎರಡು ಕಿಟಕಿ. ಬೀಗ ಮುರಿದಿಲ್ಲ. ಮೇಜಿನ ಮೇಲೆ ಜ್ಯೋತಿಲಕ್ಷ್ಮಿಯ ಮೊಬೈಲ್ ಹಾಗೇ ಇತ್ತು. ಪಕ್ಕದಲ್ಲಿ ಮೂವತ್ತು ಮೊಟ್ಟೆಯ ಟ್ರೇ, ಒಂದೂ ಕಡಿಮೆಯಿಲ್ಲ. ಅಡುಗೆಯಾಕೆ ಆ ಹೊತ್ತಿಗೆ ಹಿಂದಿನ ಕೊಳವೆಬಾವಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಒಳಗಿದ್ದವರು ಹನ್ನೊಂದು ಮಕ್ಕಳು, ದೊಡ್ಡದಕ್ಕೆ ಐದು ವರ್ಷ. ಯಾರು ಬಂದಿದ್ದರು ಎಂದು ಪುಟ್ಟಪ್ಪ ಕೇಳಿದ್ದಕ್ಕೆ ಅದು, ಅವ್ವ ಬಂದಿತ್ತು, ಎಂದಿತು. ಯಾರವ್ವ ಎಂದರೆ ಎಲ್ಲಾರವ್ವ ಎಂದಿತು. ಪುಟ್ಟಪ್ಪ ಅದನ್ನು ಬರೆದುಕೊಳ್ಳಲಿಲ್ಲ. ಕಲೈವಾಣಿ ಬರೆದುಕೊಂಡಳು: ಹೆಂಗಸು.

ಮೊದಲ ಅನುಮಾನ ಮಣಿಕಂಠನ ಮೇಲೆ ಬಿತ್ತು. ಅವನು ಒಂದು ಪಕ್ಷದ ಬೂತ್ ಏಜೆಂಟ್. ಹಿಂದಿನ ವಾರ ಐವತ್ತು ಫಾರಂ ಒಟ್ಟಿಗೆ ಕೊಡು, ನಾನೇ ತುಂಬಿಸಿ ತರುತ್ತೇನೆ ಎಂದು ಜ್ಯೋತಿಲಕ್ಷ್ಮಿಯ ಜೊತೆ ಜಗಳವಾಡಿದ್ದ. ಸಂಜೆ ಆರಕ್ಕೆ ಅವನನ್ನು ಟೀ ಅಂಗಡಿಯಿಂದ ಅಂಗನವಾಡಿಗೆ ಕರೆತಂದರು.

"ಇವತ್ತು ಒಂದು ಗಂಟೆಗೆ ಎಲ್ಲಿದ್ದೆ?"

"ಕಡಯಂಪಟ್ಟಿ, ಮೇಡಂ. ಜೆರಾಕ್ಸ್ ಅಂಗಡಿ."

"ಏನು ಜೆರಾಕ್ಸ್?"

ಅವನು ಅಂಗಿಯ ಜೇಬಿನಿಂದ ಮಡಿಸಿದ ಕಾಗದಗಳನ್ನು ತೆಗೆದ. ಫಾರಂನಲ್ಲಿ ಆಧಾರಕ್ಕೆ ಕೇಳುವ ಇಪ್ಪತ್ತು ವರ್ಷ ಹಳೆಯ ಮತದಾರರ ಪಟ್ಟಿಯಲ್ಲಿ ಅವನ ಅಪ್ಪನ ಹೆಸರಿರುವ ಪುಟ, ಹತ್ತು ಪ್ರತಿ.

"ಹತ್ತು ಯಾಕೆ?"

"ಒಂದು ಕಳದೋದ್ರೆ ಇನ್ನೊಂದು ಇರ್ಲಿ ಅಂತ." ಅವನ ಹಣೆ ಬೆವೆತಿತ್ತು. "ಊರಿಗೆಲ್ಲ ಪಯಪ್ಪಡಬೇಡಿ, ಎದ್ರಬೇಡಿ ಅಂತ ಏಳೋನು ನಾನೇ, ಮೇಡಂ. ನಂಗೇ ನಿದ್ದೆ ಇಲ್ಲ."

ಜೆರಾಕ್ಸ್ ಅಂಗಡಿಯ ಕ್ಯಾಮೆರಾದಲ್ಲಿ 12.41ರಿಂದ 1.31ರವರೆಗೆ ಅವನು ಸರದಿಯಲ್ಲಿ ನಿಂತಿದ್ದ. ಅವನನ್ನು ಬಿಟ್ಟರು.

ಹೋಗುವ ಮೊದಲು ಅವನು ಹಟ್ಟಿಯಲ್ಲಿ ಹರಿದಾಡುತ್ತಿದ್ದ ಮಾತುಗಳನ್ನು ಹೇಳಿದ. ಹೆಸರು ಬಿಟ್ಟುಹೋದವರಿಗೆ ರೇಷನ್ ನಿಲ್ಲುತ್ತದಂತೆ. ಕನ್ನಡ ಮಾತಾಡುವವರನ್ನು ಬೆಂಗಳೂರು ಕಡೆಯವರು ಎಂದು ಬರೆದುಬಿಡುತ್ತಾರಂತೆ. ಫಾರಂನಲ್ಲಿ ಅಚ್ಚಾದ ಹಳೇ ಮುಖವನ್ನೂ ಪಕ್ಕದಲ್ಲಿ ಅಂಟಿಸಿದ ಹೊಸ ಫೋಟೋವನ್ನೂ ಕಂಪ್ಯೂಟರ್ ಹೋಲಿಸಿ ನೋಡುತ್ತದಂತೆ, ಬೇರೆ ಎನಿಸಿದರೆ ಪೊಲೀಸರಿಗೆ ತಾನೇ ಫೋನು ಹೋಗುತ್ತದಂತೆ. ಇದರಲ್ಲಿ ಒಂದೂ ನಿಜವಲ್ಲ. ಆದರೆ ಈಗ ಪೊಲೀಸರು ಬಂದಿದ್ದರು.

ಜೀಪಿನಲ್ಲಿ ವಾಪಸು ಬರುವಾಗ ಪುಟ್ಟಪ್ಪ ಜೇಬಿನಿಂದ ಬೀಡಿ ತೆಗೆದು, ಸೇದದೆ ಮತ್ತೆ ಒಳಗಿಟ್ಟ. ಆಮೇಲೆ, ಹಳೆಯ ಪಟ್ಟಿಯಲ್ಲಿ ತನ್ನ ಅಪ್ಪನ ಹೆಸರೇ ಸಿಗುತ್ತಿಲ್ಲ ಎಂದ. ಮೂವತ್ತಾರು ವರ್ಷ ಖಾಕಿ ಹಾಕಿದ ತನ್ನ ಹೆಸರೇ ಹೋದರೆ ಏನು ಮಾಡುವುದು ಎಂದು ಕೇಳಿ ನಕ್ಕ. ಕಲೈವಾಣಿ ನಗಲಿಲ್ಲ. ಅವಳ ಅಮ್ಮನ ಫಾರಂ ಮನೆಯ ಫ್ರಿಜ್ಜಿನ ಮೇಲೆ ಖಾಲಿಯಿತ್ತು.

ಗುರುವಾರ ಬೆಳಿಗ್ಗೆ 7.15ಕ್ಕೆ ಫೋನ್ ಬಂತು. ಹಟ್ಟಿಯ ಕೆರೆಯ ಏರಿಯ ಮೇಲೆ ಸುಟ್ಟ ಕಾಗದ ಬಿದ್ದಿದೆ. ಜೀಪು ಹೋಗುವಷ್ಟರಲ್ಲಿ ಅಲ್ಲಿ ಮೂವತ್ತು ಜನ ಸೇರಿದ್ದರು. ಜ್ಯೋತಿಲಕ್ಷ್ಮಿ ಬೂದಿಯ ಮುಂದೆ ಮಂಡಿಯೂರಿದ್ದಳು, ಮುಟ್ಟುವ ಧೈರ್ಯವಿರಲಿಲ್ಲ. ಕಲೈವಾಣಿ ಕಡ್ಡಿಯಿಂದ ಕೆದಕಿದಳು. ಚೌಕಳಿ ಗೀಟುಗಳು, ಮಗುವಿನ ಕೈಬರಹದಲ್ಲಿ ಏಳರ ಮಗ್ಗಿ. ಯಾರದೋ ಶಾಲೆಯ ನೋಟ್‌ಬುಕ್.

ಆ ಮೂವತ್ತು ಜನರಲ್ಲಿ ಯಾರೂ ನಿಟ್ಟುಸಿರು ಬಿಡಲಿಲ್ಲ. ಇವತ್ತು ನೋಟ್‌ಬುಕ್ಕು, ನಾಳೆ ನಾವು ಎಂಬಂತೆ ನಿಂತಿದ್ದರು. ಅಲ್ಲಿಯೇ ಕಲೈವಾಣಿಗೆ ಹೊಳೆಯಿತು: ಚೀಲ ಹೋಗಿದೆ, ಆದರೆ ಎರಡನೇ ಪ್ರತಿಗಳು ಹಟ್ಟಿಯಲ್ಲೇ ಇವೆ.

"ನಿಮ್ಮ ರಿಜಿಸ್ಟರ್ ಇದೆಯಾ?" ಎಂದು ಜ್ಯೋತಿಲಕ್ಷ್ಮಿಯನ್ನು ಕೇಳಿದಳು.

ರಿಜಿಸ್ಟರ್ ಅವಳ ಮನೆಯಲ್ಲಿತ್ತು. ಯಾರ ಫಾರಂ ಯಾವ ತಾರೀಖು ಬಂತು, ಎಲ್ಲ ಕ್ರಮಸಂಖ್ಯೆಯಲ್ಲಿ. ಚೀಲ ಸಿಗದೇ ಹೋದರೂ ಎರಡನೇ ಪ್ರತಿ ನೋಡಿ ಹೊಸ ಫಾರಂ ಬರೆಯಬಹುದೇ ಎಂದು ತಾಲೂಕು ಕಚೇರಿಗೆ ಫೋನ್ ಮಾಡಿದರು. ಬರೆಯಬಹುದು, ಆದರೆ ಮತ್ತೆ ಪ್ರತಿಯೊಬ್ಬರ ಸಹಿ ಬೇಕು ಎಂದರು.

ಗುರುವಾರ ಇಡೀ ದಿನ ಮನೆಮನೆಯ ಎರಡನೇ ಪ್ರತಿಯನ್ನು ರಿಜಿಸ್ಟರಿಗೆ ತಾಳೆ ನೋಡುವ ಕೆಲಸ. ಪುಟ್ಟಪ್ಪ ಮುಂದೆ ಹೋಗಿ ಬಾಗಿಲು ಬಡಿಯುತ್ತಿದ್ದ. ಅತ್ತೆ, ನಾನೂ ನಿಮ್ಮ ಕಡೆಯವನೇ, ಕಾಗದ ತೋರಿಸಿ ಸಾಕು ಎನ್ನುತ್ತಿದ್ದ. ಒಳಗಿನಿಂದ ಬಹಳ ಹೊತ್ತಿನ ಮೇಲೆ ಅಗುಳಿ ಸರಿಯುತ್ತಿತ್ತು. ಕಾಗದ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದೊಳಗೆ, ಅದು ಟ್ರಂಕಿನೊಳಗೆ, ಟ್ರಂಕು ದೇವರ ಗೂಡಿನ ಕೆಳಗೆ. ಒಬ್ಬ ಮುದುಕ ಅದನ್ನು ಬನಿಯನ್ನಿನ ಒಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದ. ಯಾರೂ ಅದನ್ನು ಪೂರ್ತಿ ಕೈಗೆ ಕೊಡುತ್ತಿರಲಿಲ್ಲ. ಒಂದು ತುದಿ ತಾವೇ ಹಿಡಿದಿರುತ್ತಿದ್ದರು.

ಸಂಜೆ 5.30ಕ್ಕೆ ಲೆಕ್ಕ ಮುಗಿಯಿತು. 213 ಪ್ರತಿ. ಇಲ್ಲದ್ದು ಒಂದೇ, ಕ್ರಮಸಂಖ್ಯೆ 87. ರಾಮಕ್ಕ, ಗಂಡ ಪೆರುಮಾಳ್, ವಯಸ್ಸು 52.

"ಅವರೇನು ಹೇಳಿದರು?"

"ಕುರಿ ತಿಂದ್ಬಿಡ್ತಂತೆ, ಅಮ್ಮಾ." ಪುಟ್ಟಪ್ಪನ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ನಿಜವಾದ ನಗು ಬಂತು. "ತಿಂತದೆ. ನಮ್ಮಪ್ಪನ ಪಟ್ಟಾ ಪುಸ್ತಕಾನೇ ಒಂದು ಟಗರು ತಿಂದಿತ್ತು."

ನಗು ಅರ್ಧಕ್ಕೇ ನಿಂತಿತು. ಅವನು ಹಟ್ಟಿಯ ಕಡೆ ತಿರುಗಿ ನೋಡಿದ. ರಾಮಕ್ಕನ ಮನೆಯ ಪಕ್ಕದ ಕುರಿದೊಡ್ಡಿಯಲ್ಲಿ ಮಧ್ಯಾಹ್ನ ಅವನು ಬೀಡಿ ಸೇದಲು ನಿಂತಿದ್ದ. ಅಲ್ಲಿನ ಹಿಕ್ಕೆ ಬಿಳಿಚಿಕೊಂಡು, ಕಾಲಿಟ್ಟರೆ ಪುಡಿಯಾಗುತ್ತಿತ್ತು. ವಾಸನೆಯೂ ಇರಲಿಲ್ಲ.

"ಅಮ್ಮಾ," ಎಂದ ಅವನು ನಿಧಾನವಾಗಿ, "ಆ ದೊಡ್ಡೀಲಿ ಕುರಿ ನಿಂತು ಅತ್ತು ದಿನದ ಮೇಲಾಗೈತೆ."

ಹೊತ್ತು ಮುಳುಗುತ್ತಿತ್ತು. ಹೆಂಗಸನ್ನು ಸೂರ್ಯಾಸ್ತದ ಮೇಲೆ ಬಂಧಿಸುವ ಹಾಗಿಲ್ಲ. ಕಲೈವಾಣಿ ಬೆಳಿಗ್ಗೆ ಬರೋಣ ಎಂದಳು. ಇರುಳು ಪೂರ್ತಿ ಆ ಮನೆಯಿಂದ ಹೊಗೆ ಏಳುವುದನ್ನೇ ಕಲ್ಪಿಸಿಕೊಂಡು ಮಲಗಿದ್ದಳು.

ನವೆಂಬರ್ 28, ಶುಕ್ರವಾರ, ಬೆಳಿಗ್ಗೆ 10.20. ರಾಮಕ್ಕನ ಮನೆಯ ಮುಂದೆ ಒಬ್ಬ ಹೆಂಗಸು ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ಪೊಲೀಸರನ್ನು ನೋಡಿಯೂ ತಕಲಿ ನಿಲ್ಲಲಿಲ್ಲ.  ಜ್ಯೋತಿಲಕ್ಷ್ಮಿಯೂ ಬಂದಿದ್ದಳು. ಆರು ವರ್ಷದ ಹಿಂದೆ ಕಡಯಂಪಟ್ಟಿಯಿಂದ ವರ್ಗವಾಗಿ ಬಂದ ಅವಳಿಗೆ ಈಕೆ ಚಂದ್ರಿಕಾಳ ಅವ್ವ ಎಂದಷ್ಟೇ ಗೊತ್ತು. ಸೇಲಂನಲ್ಲಿ ನರ್ಸಿಂಗ್ ಓದುವ ಚಂದ್ರಿಕಾ ಭಾನುವಾರ ಊರಿಗೆ ಬಂದಾಗ ಅರ್ಧ ಹಟ್ಟಿಯ ಫಾರಂ ತುಂಬಿಕೊಟ್ಟಿದ್ದಳು, ಅಮ್ಮನದ್ದನ್ನೂ.

ಕಲೈವಾಣಿ ಜಗುಲಿಯ ಅಂಚಿನಲ್ಲಿ ಕೂತಳು.

"ಹೆಸರೇನಮ್ಮಾ?"

"ರಾಮಕ್ಕ."

"ವಯಸ್ಸು?"

"ಐವತ್ತೆರಡು." ಪಾಠ ಒಪ್ಪಿಸಿದ ಹಾಗೆ.

ಕಲೈವಾಣಿ ಅವಳ ಕಿವಿಯ ಹಿಂದಿನ ಕೂದಲನ್ನು, ಕೊರಳನ್ನು, ಕೈಯನ್ನು ನೋಡಿದಳು. ನಲವತ್ತು ದಾಟಿರಲಾರದು.

"ಕುರಿ ಎಲ್ಲಿ?"

"ಯಜಮಾನ್ರು ಒಡ್ಕೊಂಡು ಓಗವ್ರೆ. ಮೇಟ್ಟೂರು ಡ್ಯಾಮ್ ಕಡೀಕೆ."

"ಯಾವತ್ತು?"

"ಐಪ್ಪಸಿ ತಿಂಗಳ ಕೊನೇಲಿ."

"ಐಪ್ಪಸಿ ಮುಗಿದು ಹನ್ನೆರಡು ದಿನ ಆಯ್ತು," ಎಂದ ಪುಟ್ಟಪ್ಪ. "ಪಾರ್ಮು ಸಹಿ ಆಗಿ ನಿನ್ನ ಕೈಗೆ ಬಂದಿದ್ದು ಬಾನುವಾರ. ಐದು ದಿನ. ತಿಂದಿದ್ದು ಯಾವ ಕುರಿ ಅಕ್ಕಾ?"

ತಕಲಿ ತಿರುಗುತ್ತಾ ತಿರುಗುತ್ತಾ ನೆಲಕ್ಕೆ ತಾಗಿ ಬಿತ್ತು. ಅವಳು ಅದನ್ನು ಎತ್ತಲು ಬಾಗಿದಾಗ ತಾಳಿಯ ದಾರ ಸೆರಗಿನಿಂದ ಹೊರಬಂತು. ತಾಳಿಯ ಪಕ್ಕ ಒಂದು ಸಣ್ಣ ಬೆಳ್ಳಿ ಬಿಲ್ಲೆ. ಅದರ ಮೇಲೆ ನಿಂತ ಹೆಣ್ಣಿನ ಆಕಾರ, ಸವೆದು ಮುಖ ಅಳಿಸಿಹೋಗಿತ್ತು. ಕಲೈವಾಣಿಯ ಅಜ್ಜಿಯ ಕೊರಳಲ್ಲೂ ಅಂಥದೊಂದು ಇತ್ತು. ಸತ್ತ ಮೊದಲ ಹೆಂಡತಿಯ ನೆನಪಿಗೆ ಎರಡನೆಯವಳು ಅದನ್ನು ಹಾಕಿಕೊಳ್ಳುತ್ತಾಳೆ, ಅವಳ ದೃಷ್ಟಿ ಈ ಸಂಸಾರದ ಮೇಲೆ ಬೀಳದಿರಲೆಂದು.

"ಬಿಲ್ಲೆ ಯಾರದಮ್ಮಾ?"

ಹೆಂಗಸು ತಕಲಿಯ ಮಣ್ಣು ಒರೆಸಿದಳು.

"ರಾಮಕ್ಕ ಇದರಲ್ಲಿದ್ದಾಳೆ. ಅಲ್ಲವಾ? ನೀನು ಯಾರು?"

ಹೆಂಗಸು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮನೆಯ ಮೂಲೆಯಲ್ಲಿದ್ದ ಉಣ್ಣೆಯ ಮೂಟೆಯ ಕಡೆ ಒಮ್ಮೆ ನೋಡಿ, ನೋಡಿದ್ದು ತಿಳಿದುಹೋಯಿತೆಂದು ಗೊತ್ತಾಗಿ ಕಣ್ಣು ಮುಚ್ಚಿದಳು.

11.05ಕ್ಕೆ ಜಪ್ತಿ ಪಂಚನಾಮೆ. ಕತ್ತರಿಸಿದ ಕಪ್ಪು ಉಣ್ಣೆಯ ಮೂಟೆಯ ಒಳಗೆ ಹಳದಿ ಚೀಲ. ಒಳಗೆ 213 ಫಾರಂಗಳು ಒಂದೂ ಮುದುರದೆ ಇದ್ದವು. ಜ್ಯೋತಿಲಕ್ಷ್ಮಿ ಎಣಿಸುತ್ತಾ ಎಣಿಸುತ್ತಾ ಅಳುತ್ತಿದ್ದಳು, ಕಣ್ಣೀರು ಕಾಗದದ ಮೇಲೆ ಬೀಳದ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು. ಚೀಲದ ತಳದಲ್ಲಿ ಪ್ರತ್ಯೇಕವಾಗಿ ಅರ್ಧ ಹಾಳೆ ಸಿಕ್ಕಿತು. ಎಂಬತ್ತೇಳನೆಯದು. ಹೊಸ ಫೋಟೋ ಅಂಟಿಸಿದ ಭಾಗವನ್ನು ಹರಿದು ತೆಗೆದಿತ್ತು. ಅಚ್ಚಾದ ಹಳೆಯ ಮುಖವಿದ್ದ ಭಾಗ ಉಳಿದಿತ್ತು. ಮಸುಕಾದ, ದುಂಡು ಮುಖದ ಹೆಂಗಸು, ಕ್ಯಾಮೆರಾಕ್ಕೆ ಹೆದರಿದ ಕಣ್ಣು.

ನೂಲುತ್ತಿದ್ದವಳ ಹೆಸರು ಮಾದಮ್ಮ. ಹೇಳಿಕೆಯನ್ನು ಕಲೈವಾಣಿ ಅಲ್ಲೇ ಬರೆದುಕೊಂಡಳು.

ಅಕ್ಕ ರಾಮಕ್ಕ 2003ರಲ್ಲಿ ಹೆರಿಗೆಯಲ್ಲಿ ಕೂಸಿನ ಜೊತೆ ಸತ್ತಳು. ಗುಡ್ಡದ ಮೇಲೆ ಮಂದೆಯ ಜೊತೆಯಿದ್ದಾಗ ಸತ್ತಳು, ಅಲ್ಲೇ ಮಣ್ಣು ಮಾಡಿದರು, ಯಾವ ಕಚೇರಿಯಲ್ಲೂ ಬರೆಸಲಿಲ್ಲ. ಐದು ತಿಂಗಳಿಗೆ ತಂಗಿಯನ್ನು ಅದೇ ಮನೆಗೆ ಕೊಟ್ಟರು. ಮರುವರ್ಷ ಚುನಾವಣೆ ಬಂತು. ರಾಮಕ್ಕನ ಹೆಸರಿನ ಚೀಟಿ ಮನೆಗೆ ಬಂತು. ಮಾವ, ಈ ಮನೆಯ ಸೊಸೆಯ ಚೀಟಿ ತಾನೇ, ಸೊಸೆ ನೀನೇ, ಹೋಗಿ ಒತ್ತಿ ಬಾ ಎಂದ. ಅವಳು ಹೋದಳು. ಬೆರಳಿಗೆ ಮಸಿ ಹಾಕಿದರು. ಆಮೇಲೆ ರೇಷನ್ ಕಾರ್ಡ್, ಆಧಾರ್, ಬ್ಯಾಂಕು, ಮಗಳ ಶಾಲೆಯ ದಾಖಲೆ, ಎಲ್ಲ ಆ ಹೆಸರಿನಲ್ಲೇ ನಡೆದವು. ಅದನ್ನು ಸುಳ್ಳು ಎಂದು ಹಟ್ಟಿಯಲ್ಲಿ ಯಾರೂ ಭಾವಿಸಲಿಲ್ಲ.

ಭಾನುವಾರ ಫಾರಂ ತೆಗೆದುಕೊಳ್ಳುವಾಗ ಜ್ಯೋತಿಲಕ್ಷ್ಮಿ ಎರಡು ಫೋಟೋಗಳನ್ನೂ ನೋಡಿ, ಎಳೇ ವಯಸ್ಸಲ್ಲಿ ಮುಖ ಏನು ದುಂಡಕ್ಕಿತ್ತು ಅಕ್ಕಾ, ಈಗ ಬೇರೆ ಯಾರೋ ಆಗಿದ್ದೀಯಲ್ಲ, ಎಂದು ತಮಾಷೆ ಮಾಡಿದ್ದಳು. ಸುತ್ತ ಇದ್ದವರೆಲ್ಲ ನಕ್ಕಿದ್ದರು. ಈಗ ಅದನ್ನು ಕೇಳುತ್ತಾ ಜ್ಯೋತಿಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು.

"ನಿನ್ನ ಹಾಳೆ ಒಂದನ್ನೇ ತೆಗೀಬಹುದಿತ್ತು," ಎಂದಳು ಕಲೈವಾಣಿ. "ಇಡೀ ಚೀಲ ಯಾಕೆ?"

"ಉಡುಕ್ತಿದ್ದೆ. ಮಕ್ಕಳು ನೋಡ್ತಿದ್ವು. ಒರಗೆ ಯಾರೋ ಕೆಮ್ಮಿದ್ರು." ಅವಳು ಉಣ್ಣೆಯ ಮೂಟೆಯ ಕಡೆ ಕೈ ತೋರಿಸಿದಳು. "ಮನೇಗ್ ತಂದ್ಮೇಲೆ ಇಂದಕ್ಕೆ ಕೊಂಡೋಗಕ್ಕೆ ಕಾಲೇ ಬರ್ಲಿಲ್ಲ."

"ಸುಡಲಿಲ್ಲ ಯಾಕೆ?"

"ಬೇರೇವ್ರ ಎಸ್ರು. ಅದನ್ನೆಂಗೆ ಸುಡ್ಲಿ?"

"ನಿನ್ನದು?"

ಮಾದಮ್ಮ ಜಪ್ತಿಯ ಕವರಿನೊಳಗಿದ್ದ ಅರ್ಧ ಹಾಳೆಯನ್ನು ನೋಡಿದಳು. ತನ್ನ ಕೈಯಲ್ಲಿದ್ದ ಪ್ರತಿಯನ್ನು ಬುಧವಾರವೇ ಒಲೆಗೆ ಹಾಕಿದ್ದಳು. ಅದು ಹಗುರವಾಗಿ ಉರಿದುಹೋಯಿತು, ಆದರೆ ಅಕ್ಕನ ಮುಖ ಕಪ್ಪಾಗುವಾಗ ಕಣ್ಣು ಕೊನೆಗೆ ಹೋಯಿತು. ಇದಕ್ಕೆ ಹಾಗೆ ಮಾಡಲು ಆಗಲಿಲ್ಲ. ಅಕ್ಕನ ಬೇರೆ ಫೋಟೋ ಎಲ್ಲೂ ಇಲ್ಲ.

11.50ಕ್ಕೆ ಬಂಧನ. ಜೀಪಿನ ಹತ್ತಿರ ಬರುವಾಗ ಬಾಗಿಲುಗಳು ಸ್ವಲ್ಪ ಸ್ವಲ್ಪವೇ ತೆರೆದವು. ಬನಿಯನ್ನಿನಲ್ಲಿ ಕಾಗದ ಕಟ್ಟಿಕೊಂಡಿದ್ದ ಮುದುಕ, ಅವಳೇನು ಮಾಡಿದಳು ಎಂದು ಪುಟ್ಟಪ್ಪನನ್ನು ಕೇಳಿದ. ಪುಟ್ಟಪ್ಪ, ಎದ್ರುಕೊಂಡ್ಲು ತಾತ, ಎಂದ.

ಚಂದ್ರಿಕಾ ಸೇಲಂನಿಂದ ಬಸ್ಸು ಹಿಡಿದು ಎರಡು ಗಂಟೆಗೆ ಠಾಣೆಗೆ ಬಂದಳು. ಅಮ್ಮನ ಹೆಸರು ಬೇರೆ ಎಂದು ಅವಳಿಗೆ ಫೋನಿನಲ್ಲೇ ಮೊದಲ ಸಲ ತಿಳಿದದ್ದು. ಫೋಟೋ ಅಂಟಿಸಿದವಳು ನಾನೇ, ಆ ಹಳೇ ಮುಖ ದೊಡ್ಡವ್ವನದು ಎಂದು ಗೊತ್ತೇ ಇರಲಿಲ್ಲ, ಎಂದಳು. ನನ್ನ ಸರ್ಟಿಫಿಕೇಟು ಸುಳ್ಳಾಗುತ್ತದಾ ಎಂದು ಕೇಳಲು ಬಾಯಿ ತೆರೆದು, ಅಮ್ಮನನ್ನು ನೋಡಿ ಸುಮ್ಮನಾದಳು. ಮಾದಮ್ಮ ಆ ಪ್ರಶ್ನೆಗೇ ಹೆದರಿ ಕಾಯುತ್ತಿದ್ದಳು.

ಕಲೈವಾಣಿ ತಾಲೂಕು ಕಚೇರಿಯ ಚುನಾವಣಾ ವಿಭಾಗಕ್ಕೆ ಫೋನ್ ಮಾಡಿದಳು. ಇನ್ನೊಬ್ಬರ ಹೆಸರಿನಲ್ಲಿ ಮತ ಹಾಕಿದ ವಿಷಯ ವರದಿಯಲ್ಲಿ ಬರೆಯಲೇಬೇಕು, ಬರೆಯುತ್ತೇನೆ, ಮುಂದಿನದು ನಿಮಗೆ ಬಿಟ್ಟದ್ದು ಎಂದಳು. ಆಮೇಲೆ, ಆ ಹೆಂಗಸು ಭಾನುವಾರವೇ ನಿಜ ಹೇಳಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಅಧಿಕಾರಿ ಯೋಚಿಸಲೂ ಇಲ್ಲ. ಸತ್ತವರ ಹೆಸರು ತೆಗೆಯಲು ಫಾರಂ 7, ಹೊಸ ಹೆಸರು ಸೇರಿಸಲು ಫಾರಂ 6, ಜೊತೆಗೆ ದಾಖಲೆ ನೋಡುತ್ತಿದ್ದೆವು, ಅಷ್ಟೇ ಎಂದ. ಆ ಎರಡು ಫಾರಂ ಇವೆ ಎಂದು ಹಟ್ಟಿಯವರಿಗೆ ಅವರ ಕನ್ನಡದಲ್ಲಿ ಯಾರಾದರೂ ಹೇಳಿದ್ದರಾ ಎಂದು ಕಲೈವಾಣಿ ಕೇಳಿದಳು. ಆ ಕಡೆ ಕಾಗದ ಮಗುಚುವ ಸದ್ದಾಯಿತು. ಸೋಮವಾರ ಹಟ್ಟಿಯಲ್ಲೇ ಒಂದು ಶಿಬಿರ ಇಡೋಣ ಎಂದ. ಪುಟ್ಟಪ್ಪನನ್ನು ಮಾತಾಡಲು ಕಳಿಸಿ ಎಂದೂ ಸೇರಿಸಿದ.

ರಿಮಾಂಡ್ ವರದಿಯಲ್ಲಿ ಜಾಮೀನಿಗೆ ಆಕ್ಷೇಪವಿಲ್ಲ ಎಂದು ಬರೆದಳು. ಪ್ರೇರಣೆ ಎಂಬಲ್ಲಿ ದ್ವೇಷವಿಲ್ಲ, ಲಾಭವಿಲ್ಲ ಎಂದು ಬರೆದು, ಮುಂದೆ ಒಂದೇ ಪದ ಬರೆದಳು: ಭಯ. ಅದು ಹಾಳೆಯ ಮೇಲೆ ತೀರಾ ಚಿಕ್ಕದಾಗಿ ಕಂಡಿತು.

ಓಮಲೂರಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಇನ್ನೂ ಅರ್ಧ ಗಂಟೆಯಿತ್ತು. ಜ್ಯೋತಿಲಕ್ಷ್ಮಿ ಅಳುಕುತ್ತಾ ಒಳಗೆ ಬಂದಳು. ಈ ಸಲ ಚಪ್ಪಲಿ ಕಾಲಲ್ಲಿತ್ತು. ಕೈಯಲ್ಲಿ ಎರಡು ಹೊಸ ಫಾರಂ. ಮಾದಮ್ಮನ ಪಕ್ಕ ಬೆಂಚಿನ ಮೇಲೆ ಕೂತು ಪೆನ್ನು ತೆರೆದಳು.

"ಎಸ್ರು ಏಳಕ್ಕಾ."

ಮಾದಮ್ಮ ಬಾಗಿಲ ಕಡೆ ನೋಡಿದಳು, ಬೇರೆ ಯಾರನ್ನೋ ಕೇಳಿದ ಹಾಗೆ. ಆಮೇಲೆ ಹೇಳಿದಳು. ಕೇಳಿಸದೆ ಜ್ಯೋತಿಲಕ್ಷ್ಮಿ ಇನ್ನೊಮ್ಮೆ ಹೇಳಿಸಿದಳು. ಬರೆದು, ಮಸಿಯ ಪ್ಯಾಡ್ ಮುಂದಿಟ್ಟಳು. ಇಪ್ಪತ್ತೊಂದು ವರ್ಷ ರಾಮಕ್ಕನದಾಗಿದ್ದ ಹೆಬ್ಬೆರಳು ಫಾರಂ 6ರ ಮೇಲೆ ಇಳಿದು ಎದ್ದಿತು.

ಜ್ಯೋತಿಲಕ್ಷ್ಮಿ ಎರಡನೆಯದನ್ನು, ಫಾರಂ 7ನ್ನು, ಮುಂದಕ್ಕೆ ಸರಿಸಿದಳು. ಅದರಲ್ಲಿ ಅಕ್ಕನ ಹೆಸರು ಆಗಲೇ ಬರೆದಾಗಿತ್ತು. ಪಕ್ಕದಲ್ಲಿ ಮೃತ ಎಂಬಲ್ಲಿ ಗುರುತು.

ಮಾದಮ್ಮನ ಬೆರಳು ಹಾಳೆಯ ಮೇಲೆ ನಿಂತಿತು. ಮಸಿ ಒಣಗುತ್ತಿತ್ತು. ಅವಳು ತಲೆಯೆತ್ತಿ ಕಲೈವಾಣಿಯನ್ನು ನೋಡಿದಳು.

"ಇದ್ಕೆ ನಾಳೀಕೆ ಒತ್ಲಾ, ಅಮ್ಮಾ?"